ಹಳೆ ಕರಪತ್ರ, ವಾರ್ಷಿಕ ಸಂಚಿಕೆಗಳ ಮೆಟಾಡೇಟಾ (ಗುರುತಿನ ವಿವರ): ಶೀರ್ಷಿಕೆ, ಹೆಸರು, ವರ್ಷ, ಊರು ಹೇಗೆ ತುಂಬುತ್ತೀರಿ?

ದಾವಣಗೆರೆ ಲೈಬ್ರರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರದ ತಂತ್ರಾಂಶ ಹಾಕಿಸಿದ್ದೇವೆ. ಕಾಲೇಜಿನ ಹಳೆ ವಾರ್ಷಿಕ ಸಂಚಿಕೆಗಳನ್ನೂ ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನೂ ಅದಕ್ಕೆ ಏರಿಸಬೇಕು. ಇವುಗಳ ಜೊತೆ ನಿವೃತ್ತ ಮೇಷ್ಟ್ರೊಬ್ಬರ ಮನೆಯವರು ಕೊಟ್ಟ ಕಾಗದಗಳೂ ಇವೆ. ಕಂಪನಿ ನಾಟಕದ ಕರಪತ್ರ, ದುಗ್ಗಮ್ಮನ ಜಾತ್ರೆಯ ಹ್ಯಾಂಡ್‌ಬಿಲ್, ಹತ್ತಿ ಮಿಲ್ಲಿನ ಕಾರ್ಮಿಕರ ನೋಟಿಸು, ಸಹಕಾರ ಸಂಘಗಳ ವರದಿ ಎಲ್ಲ ಅದರಲ್ಲಿವೆ. ನನಗೆ ಕಷ್ಟ ಆಗಿರುವುದು ಇವುಗಳದ್ದೇ.

ಸ್ಕ್ಯಾನ್ ಮಾಡಿದ ಏಜೆನ್ಸಿಯವರು ಪಿಡಿಎಫ್‌ಗಳ ಜೊತೆ ಒಂದು ಎಕ್ಸೆಲ್ ಹಾಳೆಯನ್ನೂ ಕೊಟ್ಟಿದ್ದಾರೆ. ತೆರೆದು ನೋಡಿ ದಿಕ್ಕು ತೋಚಲಿಲ್ಲ. ಅರ್ಧದಷ್ಟು ಶೀರ್ಷಿಕೆ ಇಂಗ್ಲಿಷ್ ಅಕ್ಷರದಲ್ಲಿವೆ, ಅವರವರಿಗೆ ತೋಚಿದ ಸ್ಪೆಲ್ಲಿಂಗ್. ದಾವಣಗೆರೆ ಎಂಬ ಒಂದೇ ಹೆಸರನ್ನು ಮೂರು ಥರ ಬರೆದಿದ್ದಾರೆ. ಉಳಿದವನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಳೆ ಫಾಂಟ್ ಹಾಕಿ ಟೈಪ್ ಮಾಡಿದ್ದಾರೆ, ಡಿಸ್ಪೇಸ್‌ಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ವರ್ಷದ ಕಾಲಂನಲ್ಲಿ ಎಲ್ಲದಕ್ಕೂ ಸ್ಕ್ಯಾನ್ ಮಾಡಿದ ವರ್ಷವನ್ನೇ ತುಂಬಿದ್ದಾರೆ. ಲೇಖಕರ ಹೆಸರು ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ.

ಕಾಲೇಜಿನ ಗುಣಮಟ್ಟ ಪರಿಶೀಲಿಸುವ ನ್ಯಾಕ್ ತಂಡ ಬರುವುದರೊಳಗೆ ಏರಿಸಿ ಮುಗಿಸಬೇಕು ಎಂದು ಪ್ರಿನ್ಸಿಪಾಲರು ಹೇಳುತ್ತಿದ್ದಾರೆ. ಕೆಲಸಕ್ಕೆ ನಾನು ಮತ್ತು ಒಬ್ಬ ಅಪ್ರೆಂಟಿಸ್ ಹುಡುಗಿ ಮಾತ್ರ. ಶೀರ್ಷಿಕೆ ಕನ್ನಡದಲ್ಲಿ ಹಾಕಲೋ ಇಂಗ್ಲಿಷಿನಲ್ಲೋ? ವರ್ಷವೇ ಅಚ್ಚಾಗದ ಕಾಗದಕ್ಕೆ ಏನು ಮಾಡಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹರಿಹರದಿಂದ:

ಮೇಡಂ, ನನ್ನ ಸಲಹೆ ಇಷ್ಟೇ. ಶೀರ್ಷಿಕೆ ಇಂಗ್ಲಿಷಿನಲ್ಲೇ ಇರಲಿ. ಹುಡುಗರು ಗೂಗಲ್‌ನಲ್ಲಿ ಇಂಗ್ಲಿಷಿನಲ್ಲೇ ಹುಡುಕುವುದು. ನುಡಿಯಲ್ಲಿರುವುದನ್ನು ಹುಡುಗಿ ಕೈಲಿ ಇಂಗ್ಲಿಷ್ ಅಕ್ಷರಕ್ಕೆ ಟೈಪ್ ಮಾಡಿಸಿ, ಎಲ್ಲ ಏರಿಸಿಬಿಡಿ. ನ್ಯಾಕ್‌ನವರಿಗೆ ಸಂಖ್ಯೆ ಬೇಕು, ಲಿಂಕ್ ಬೇಕು. ಅದು ಮುಗಿದ ಮೇಲೆ ನಿಧಾನವಾಗಿ ತಿದ್ದಿಕೊಳ್ಳಬಹುದು. ಇಬ್ಬರೇ ಇರುವಾಗ ಇದಕ್ಕಿಂತ ಜಾಸ್ತಿ ಮಾಡಲು ಹೋದರೆ ಏನೂ ಆಗುವುದಿಲ್ಲ.

ದುರ್ಗದ ಕ್ಯಾಟಲಾಗರ್:

ಮೇಡಂ ನಮಸ್ಕಾರ. ಚಿತ್ರದುರ್ಗದ ಒಂದು ಕಾಲೇಜು ಲೈಬ್ರರಿಯಲ್ಲಿ ಬಹಳ ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹರಿಹರದ ಸರ್ ಹೇಳಿದ ಕಷ್ಟ ನಿಜ, ಆದರೆ ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಆಮೇಲೆ ತಿದ್ದೋಣ ಎಂದು ಏರಿಸಿದ್ದು ಹಾಗೇ ಉಳಿದುಬಿಡುತ್ತದೆ. ಅದೂ ನಿಮ್ಮಲ್ಲಿ ಮಾತ್ರ ಉಳಿಯುವುದಿಲ್ಲ. ಡಿಸ್ಪೇಸ್‌ನಿಂದ ಬೇರೆ ಭಂಡಾರಗಳು ವಿವರ ಎತ್ತಿಕೊಳ್ಳಲು ಒಎಐ-ಪಿಎಂಎಚ್ ಎಂಬ ವ್ಯವಸ್ಥೆ ಇದೆ. ಅದನ್ನು ತೆರೆದ ದಿನದಿಂದ ನಿಮ್ಮ ತಪ್ಪು ಶೀರ್ಷಿಕೆ ಊರೂರು ಸುತ್ತುತ್ತದೆ. ನೀವು ತಿದ್ದಿದ್ದು ಅಲ್ಲಿಗೆ ಯಾವಾಗ ತಲುಪುತ್ತದೋ ಅದು ನಿಮ್ಮ ಕೈಯಲ್ಲಿರುವುದಿಲ್ಲ.

ಹಾಗಾಗಿ ಏರಿಸುವ ಮೊದಲು ಒಂದು ಹಾಳೆಯಷ್ಟು ನಿಯಮ ಬರೆದುಕೊಳ್ಳಿ. ವಿವರ ತುಂಬಲು ಡಿಸ್ಪೇಸ್ ಬಳಸುವ ಮಾದರಿಯಾದ ಡಬ್ಲಿನ್ ಕೋರ್‌ನಲ್ಲಿ ಮೂಲ ಅಂಶಗಳು 15. ಅದರಲ್ಲಿ ಯಾವುದೂ ಕಡ್ಡಾಯ ಅಲ್ಲ, ಯಾವುದನ್ನಾದರೂ ಎಷ್ಟು ಸಲ ಬೇಕಾದರೂ ಬಳಸಬಹುದು. ಅಷ್ಟು ಸಡಿಲ ಬಿಟ್ಟಿರುವುದರಿಂದಲೇ ನಿಮ್ಮ ಲೈಬ್ರರಿಯಲ್ಲಿ ಯಾವುದು ಕಡ್ಡಾಯ, ಯಾವುದನ್ನು ಹೇಗೆ ಬರೆಯಬೇಕು ಎಂದು ನೀವೇ ಗಟ್ಟಿ ಮಾಡಿಕೊಳ್ಳಬೇಕು. ನಾಳೆ ನೀವು ರಜೆ ಹಾಕಿದರೂ ಆ ಹುಡುಗಿ ಹಾಳೆ ನೋಡಿ ತುಂಬುವ ಹಾಗಿರಬೇಕು.

ನನ್ನ ಹಾಳೆಯ ಮೊದಲ ಸಾಲು ಇದು: ಕಾಗದದಲ್ಲಿ ಇರುವುದು ಒಂದು ಕಡೆ, ನಾವು ತಿಳಿದು ಸೇರಿಸಿದ್ದು ಇನ್ನೊಂದು ಕಡೆ. ಎರಡನ್ನೂ ಕಲಸಬೇಡಿ. ಮಿಕ್ಕ ನಿಯಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಶೀರ್ಷಿಕೆ ಕಾಗದದಲ್ಲಿ ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಇರಬೇಕು. ಇಂಗ್ಲಿಷ್ ಅಕ್ಷರದ ರೂಪವನ್ನು ‘ಪರ್ಯಾಯ ಶೀರ್ಷಿಕೆ’ಯ ಜಾಗಕ್ಕೆ ಹಾಕಿ. ಎರಡೂ ಹುಡುಕಾಟಕ್ಕೆ ಸಿಗುತ್ತವೆ, ಹರಿಹರದ ಸರ್ ಹೇಳಿದ ಹುಡುಗರಿಗೂ ತೊಂದರೆ ಇಲ್ಲ. ಈಗ ಫೋನಿನಲ್ಲಿ ಕನ್ನಡ ಟೈಪ್ ಮಾಡುವವರು, ಬಾಯಲ್ಲಿ ಹೇಳಿ ಹುಡುಕುವವರು ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದ್ದಾರೆ. ಕನ್ನಡದ ಕಾಗದ ಕನ್ನಡದಲ್ಲಿ ಹುಡುಕಿದರೆ ಸಿಗದು ಎಂದರೆ ನನಗಂತೂ ಸಂಕಟ ಆಗುತ್ತದೆ. ಕರಪತ್ರಗಳಿಗೆ ಎಷ್ಟೋ ಸಲ ಶೀರ್ಷಿಕೆಯೇ ಇರುವುದಿಲ್ಲ. ಮೇಲ್ಗಡೆ ದೇವರ ಸ್ತುತಿ, ಕೆಳಗೆ ಕಂಪನಿ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ನಾಟಕದ ಹೆಸರು ಇರುತ್ತದೆ. ನಾಟಕದ ಹೆಸರನ್ನೇ ತೆಗೆದುಕೊಳ್ಳಿ. ಏನೂ ಇಲ್ಲದಿದ್ದರೆ ನೀವೇ ಒಂದು ಶೀರ್ಷಿಕೆ ಕೊಟ್ಟು ಚೌಕಾಕಾರದ ಆವರಣದೊಳಗೆ ಇಡಿ. ಕ್ಯಾಟಲಾಗ್ ಮಾಡುವವರಿಗೆ ಅದು ಹಳೆಯ ಪದ್ಧತಿ. ಆವರಣ ಕಂಡ ಕೂಡಲೇ ಇದು ಲೈಬ್ರರಿಯವರು ಕೊಟ್ಟ ಹೆಸರು ಎಂದು ಗೊತ್ತಾಗುತ್ತದೆ.

ನುಡಿಯದ್ದನ್ನು ಮತ್ತೆ ಟೈಪ್ ಮಾಡಿಸಬೇಡಿ. ಹಳೆ ಫಾಂಟಿನಿಂದ, ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಓದಿಸಿಕೊಳ್ಳುವ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಆದರೆ ಬದಲಾಯಿಸಿದ್ದನ್ನು ಕಣ್ಣಾರೆ ನೋಡಲೇಬೇಕು. ಅರ್ಕಾವತ್ತು ಇರುವ ಪದಗಳನ್ನು, ಎರಡೆರಡು ಒತ್ತು ಇರುವ ಪದಗಳನ್ನು ಮೊದಲು ನೋಡಿ.

ಕಣ್ಣಿಗೆ ಕಾಣದ ತಪ್ಪುಗಳೂ ಇವೆ, ಅವು ಇನ್ನೂ ಕೆಟ್ಟವು. ಈ ಎರಡು ಪದ ನೋಡಿ: ಸಂಘ, ಸ೦ಘ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ, ಅಂದರೆ ಅಂಕಿ. ತೆರೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಸಂಘ, ಸಂಚಿಕೆ, ಸಂಪುಟ, ಗ್ರಂಥಾಲಯ, ನಮ್ಮ ಕೆಲಸದ ಪದಗಳಲ್ಲೆಲ್ಲ ಅನುಸ್ವಾರ ಇದೆ ಅಲ್ವಾ? ಹಾಳೆಯಲ್ಲಿ ಕನ್ನಡ ಸೊನ್ನೆ ಎಲ್ಲೆಲ್ಲಿ ಇದೆ ಎಂದು ಹುಡುಕಿ. ಅಕ್ಷರಕ್ಕೆ ಅಂಟಿಕೊಂಡಿದ್ದರೆ ಅದು ಅನುಸ್ವಾರ ಆಗಬೇಕಾದದ್ದು. ಇನ್ನೊಂದು, ‘ಸಾಫ್ಟ್‌ವೇರ್’ ಥರದ ಪದಗಳ ಮಧ್ಯೆ ಅಕ್ಷರ ಕೂಡದಂತೆ ಹಾಕುವ ಕಾಣದ ಚಿಹ್ನೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟರೆ ವಿಷಯಗಳ ಪಟ್ಟಿಯಲ್ಲಿ ಒಂದೇ ಪದ ಎರಡು ಸಾಲಾಗಿ ಬರುತ್ತದೆ. ಇಂಥವನ್ನು ಒಟ್ಟುಗೂಡಿಸಿ ತಿದ್ದಲು ಓಪನ್ ರಿಫೈನ್ ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ ಉಚ್ಚಾರಣೆ ನೋಡಿ ಗುಂಪು ಮಾಡುವ ವಿಧಾನಗಳು ಕನ್ನಡಕ್ಕೆ ಕೆಲಸಕ್ಕೆ ಬರುವುದಿಲ್ಲ. ಎಷ್ಟು ಅಕ್ಷರ ವ್ಯತ್ಯಾಸ ಇದೆ ಎಂದು ಎಣಿಸುವ ಲೆವೆನ್‌ಷ್ಟೈನ್ ವಿಧಾನ ಬಳಸಿ.

ಹೆಸರುಗಳಿಗೆ ಬರುತ್ತೇನೆ. ಡಿಸ್ಪೇಸ್ ಫಾರಂನಲ್ಲಿ ‘ಕೊನೆಯ ಹೆಸರು’, ‘ಮೊದಲ ಹೆಸರು’ ಎಂದು ಎರಡು ಪೆಟ್ಟಿಗೆ ಇವೆ. ನಮ್ಮ ಹೆಸರುಗಳು ಹಾಗೆ ಒಡೆಯುವಂಥವಲ್ಲ. ಎಚ್. ಬಸವರಾಜಪ್ಪ ಎಂದಿದ್ದರೆ ಬಸವರಾಜಪ್ಪ ಅನ್ನುವುದು ‘ಕೊನೆಯ ಹೆಸರಿನ’ ಪೆಟ್ಟಿಗೆಗೆ, ಎಚ್. ‘ಮೊದಲ ಹೆಸರಿನ’ ಪೆಟ್ಟಿಗೆಗೆ ಎಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಇನಿಷಿಯಲ್ ಆದಮೇಲೆ ಚುಕ್ಕಿ ಇರಬೇಕು, ಎರಡು ಇನಿಷಿಯಲ್ ಮಧ್ಯೆ ಜಾಗ ಬಿಡಬೇಕು. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಚುಕ್ಕಿ ಇದ್ದವರು ಒಬ್ಬರು, ಇಲ್ಲದವರು ಇನ್ನೊಬ್ಬರು ಎಂದೇ ಕಂಪ್ಯೂಟರ್ ತಿಳಿಯುತ್ತದೆ.

ಹೆಸರುವಾಸಿ ಲೇಖಕರದ್ದು ಬೇರೆ ಕಥೆ. ನಮ್ಮ ಭಾಗದವರೇ ಆದ ತ.ರಾ.ಸು. ಅವರನ್ನೇ ತೆಗೆದುಕೊಳ್ಳಿ. ಒಂದು ವಾರ್ಷಿಕ ಸಂಚಿಕೆಯಲ್ಲಿ ‘ತ.ರಾ.ಸು.’ ಎಂದಿರುತ್ತದೆ, ಇನ್ನೊಂದರಲ್ಲಿ ‘ತ. ರಾ. ಸುಬ್ಬರಾಯ’, ಇಂಗ್ಲಿಷ್ ಪುಟದಲ್ಲಿ ‘ಟಿ. ಆರ್. ಸುಬ್ಬರಾವ್’. ಮೂರೂ ಒಬ್ಬರೇ, ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಅವರಿಗೆ ಒಂದು ಸ್ಥಿರ ರೂಪ ಗೊತ್ತು ಮಾಡಿ, ಅದನ್ನೇ ಲೇಖಕರ ಜಾಗದಲ್ಲಿ ಹಾಕಿ. ಅಚ್ಚಾದ ರೂಪ ಟಿಪ್ಪಣಿಯಲ್ಲಿರಲಿ. ಸ್ಥಿರ ರೂಪಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಇಟ್ಟುಕೊಂಡು ದಿನಾ ಸೇರಿಸುತ್ತಾ ಹೋಗಿ. ನಾಲ್ಕೈದು ತಿಂಗಳಲ್ಲಿ ಆ ಹಾಳೆ ನಿಮ್ಮ ಲೈಬ್ರರಿಯ ಆಸ್ತಿ ಆಗುತ್ತದೆ.

ಒಂದು ಎಚ್ಚರಿಕೆ. ಡಿಸ್ಪೇಸ್‌ನಿಂದ ಇಳಿಸಿದ ಸಿಎಸ್‌ವಿ ಕಡತವನ್ನು (ವಿವರಗಳ ಪಟ್ಟಿ ಇರುವ ಸರಳ ಪಠ್ಯ ಕಡತ) ಎಕ್ಸೆಲ್‌ನಲ್ಲಿ ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಕನ್ನಡ ಕೆಟ್ಟುಹೋಗುತ್ತದೆ, ಹಾಗೇ ಸೇವ್ ಮಾಡಿದರೆ ವಾಪಸ್ ಬರುವುದಿಲ್ಲ. ಲಿಬ್ರೆ ಆಫೀಸ್‌ನಲ್ಲಿ ಅಕ್ಷರಗಳ ಸಂಕೇತ ಪದ್ಧತಿಯಾಗಿ ಯುಟಿಎಫ್-8 ಆರಿಸಿ ತೆರೆಯಿರಿ. ಹಾಳೆಯ ಒಂದೇ ಮನೆಯಲ್ಲಿ (ಸೆಲ್) ಎರಡು ಹೆಸರು ಬರೆಯಬೇಕಾದರೆ ಮಧ್ಯೆ ಎರಡು ನೇರ ಗೆರೆ (||) ಹಾಕಬೇಕು, ಅಲ್ಪವಿರಾಮ ಅಲ್ಲ.

ದಾವಣಗೆರೆ ಲೈಬ್ರರಿ:

ಸರ್, ತುಂಬಾ ಧನ್ಯವಾದ. ಈಗಲೇ ಸೊನ್ನೆ ಹುಡುಕಿ ನೋಡಿದೆವು. ಕಾರ್ಮಿಕರ ಸಂಘದ ನೋಟಿಸುಗಳಲ್ಲಿ ಎಲ್ಲ ‘ಸಂಘ’ವೂ ಸೊನ್ನೆಯದ್ದೇ.

ವರ್ಷದ ಬಗ್ಗೆ ಇನ್ನೂ ಗೊಂದಲ ಇದೆ. ಕೈಯಲ್ಲಿ ಒಂದು ನಾಟಕದ ಕರಪತ್ರ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಗುಲಾಬಿ ಬಣ್ಣದ ತೆಳು ಕಾಗದ. ‘ತಾ. 14-1 ಶನಿವಾರ ರಾತ್ರಿ 9-30ಕ್ಕೆ’ ಎಂದಿದೆ. ಕೆಳಗೆ ದರ: ಕುರ್ಚಿ 1 ರೂಪಾಯಿ, ನೆಲ 40 ನಯಾ ಪೈಸೆ. ಊರು ‘ದಾವಣಗೆರೆ, ಮೈಸೂರು ರಾಜ್ಯ’. ಇಸವಿ ಎಲ್ಲೂ ಇಲ್ಲ. ಜಾತ್ರೆಯ ಒಂದು ಹ್ಯಾಂಡ್‌ಬಿಲ್‌ನಲ್ಲಿ ಬರೀ ‘ಆನಂದ ಸಂವತ್ಸರ’ ಎಂದಿದೆ. ಇವಕ್ಕೆಲ್ಲ ‘ವರ್ಷ ಇಲ್ಲ’ ಎಂದು ಬಿಟ್ಟುಬಿಡಲೇ?

ದುರ್ಗದ ಕ್ಯಾಟಲಾಗರ್:

ಬಿಡಬೇಡಿ ಮೇಡಂ! ಆ ಕರಪತ್ರ ತನ್ನ ವರ್ಷವನ್ನು ಹೆಚ್ಚುಕಡಿಮೆ ತಾನೇ ಹೇಳುತ್ತಿದೆ.

ಜನವರಿ 14 ಶನಿವಾರ ಬಂದ ವರ್ಷಗಳನ್ನು ಕ್ಯಾಲೆಂಡರ್‌ನಲ್ಲಿ ತೆಗೆಯಿರಿ. 1950, 1956, 1961, 1967, 1978. ಈಗ ದರ ನೋಡಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ಆಣೆ, ಕಾಸು. ಹೊಸ ಪೈಸೆಗೆ ‘ನಯಾ’ ಎಂದು ಸೇರಿಸಿ ಕರೆಯುತ್ತಿದ್ದರು, 1964ರಲ್ಲಿ ಆ ‘ನಯಾ’ ಬಿಟ್ಟರು. ಅಲ್ಲಿಗೆ ಆ ಐದರಲ್ಲಿ ಉಳಿಯುವುದು 1961 ಒಂದೇ. ‘ಮೈಸೂರು ರಾಜ್ಯ’ ಎಂದಿರುವುದೂ ಇದಕ್ಕೆ ಹೊಂದುತ್ತದೆ, ರಾಜ್ಯದ ಹೆಸರು ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಸಂಕ್ರಾಂತಿಯ ಹೊತ್ತಿನ ಆಟ ಅದು.

ಆದರೂ 1961 ಎಂದು ಖಡಾಖಂಡಿತ ಬರೆಯಬೇಡಿ. ಪ್ರೆಸ್ಸಿನವರು ಹಳೆ ಅಚ್ಚನ್ನೇ ಇಟ್ಟುಕೊಂಡು 1967ರಲ್ಲೂ ‘ನಯಾ ಪೈಸೆ’ ಎಂದೇ ಹಾಕಿರಬಹುದು. ಅನುಮಾನದ ವರ್ಷ ಬರೆಯಲು ಇಡಿಟಿಎಫ್ ಎಂಬ ಪದ್ಧತಿಯಲ್ಲಿ ವರ್ಷದ ನಂತರ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಡಿಸ್ಪೇಸ್ ಫಾರಂನಲ್ಲಿ ವರ್ಷ, ತಿಂಗಳು, ದಿನಕ್ಕೆ ಮಾತ್ರ ಜಾಗ ಇದೆ. ಹಾಗಾಗಿ ನಾನು ಅಲ್ಲಿ 1961 ಎಂದು ಹಾಕಿ, ಟಿಪ್ಪಣಿಯಲ್ಲಿ ಹೀಗೆ ಬರೆಯುತ್ತೇನೆ: ‘ಇಸವಿ ಅಚ್ಚಾಗಿಲ್ಲ. ಜನವರಿ 14 ಶನಿವಾರ, ನಯಾ ಪೈಸೆ ದರ, ಮೈಸೂರು ರಾಜ್ಯ ಎಂಬುದರಿಂದ 1961 ಎಂದು ಊಹಿಸಿದೆ.’ ಈ ಟಿಪ್ಪಣಿ ಬಹಳ ಮುಖ್ಯ. ಮುಂದೆ ಯಾರಿಗಾದರೂ ಅದೇ ಆಟದ ಸುದ್ದಿ ಹಳೆ ಪತ್ರಿಕೆಯಲ್ಲಿ ಸಿಕ್ಕರೆ, ನೀವು ಯಾಕೆ ಹಾಗೆ ಬರೆದಿರಿ ಎಂದು ತಿಳಿದು ತಿದ್ದುತ್ತಾರೆ. ಕಾರಣ ಬರೆಯದ ವರ್ಷವನ್ನು ಯಾರೂ ತಿದ್ದಲು ಧೈರ್ಯ ಮಾಡುವುದಿಲ್ಲ.

ಹೀಗೆ ಹಿಡಿಯಲು ಇನ್ನೂ ಕೆಲವು ಗುರುತುಗಳಿವೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ 1997ಕ್ಕಿಂತ ಹಿಂದಿನದು. ಪ್ರೆಸ್ಸಿನ ಹೆಸರನ್ನು ತಪ್ಪದೆ ಪ್ರಕಾಶಕರ ಜಾಗದ ಹತ್ತಿರ ‘ಮುದ್ರಕರು’ ಎಂದು ತೋರಿಸಿ ದಾಖಲಿಸಿ. ಅದೇ ಪ್ರೆಸ್ಸಿನ, ವರ್ಷ ಇರುವ ಇನ್ನೊಂದು ಕಾಗದ ಸಿಕ್ಕರೆ ಇದಕ್ಕೂ ಆಧಾರ ಆಗುತ್ತದೆ.

ಆನಂದ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ, 1914-15 ಇಲ್ಲವೇ 1974-75. ಪಕ್ಕದಲ್ಲಿ ಶಕ ವರ್ಷ ಇದ್ದರೆ 78 ಕೂಡಿಸಿ. ಶಕ 1836 ಎಂದಿದ್ದರೆ 1914. ಶಕ ಇಲ್ಲದಿದ್ದರೆ ಕಾಗದ, ಅಚ್ಚಿನ ಮೊಳೆ, ಪಿನ್‌ಕೋಡ್ ನೋಡಿ ಯಾವುದೆಂದು ತೀರ್ಮಾನಿಸಿ. ಸಂವತ್ಸರ ಯುಗಾದಿಗೆ ಶುರುವಾಗುವುದರಿಂದ ಮಾಘ, ಫಾಲ್ಗುಣ ಎಂದಿದ್ದರೆ ಮುಂದಿನ ಇಸವಿ ತೆಗೆದುಕೊಳ್ಳಬೇಕು. ‘ಆನಂದ ಸಂವತ್ಸರ’ ಎಂಬ ಮಾತನ್ನೂ ಅಳಿಸಬೇಡಿ, ಟಿಪ್ಪಣಿಯಲ್ಲಿ ಅಚ್ಚಾದ ಹಾಗೇ ಇರಲಿ.

ಸ್ಕ್ಯಾನ್ ಮಾಡಿದ ದಿನ ಪ್ರಕಟಣೆಯ ವರ್ಷದ ಜಾಗಕ್ಕೆ ಬರಲೇಬಾರದು. ಭಂಡಾರಕ್ಕೆ ಸೇರಿದ ದಿನವನ್ನು ಡಿಸ್ಪೇಸ್ ತಾನಾಗಿಯೇ ಬೇರೆ ಕಡೆ ಬರೆದುಕೊಳ್ಳುತ್ತದೆ.

ಸಂಶೋಧನಾ ವಿದ್ಯಾರ್ಥಿ, ಹರಪನಹಳ್ಳಿ:

ಹುಡುಕುವವನ ಕಡೆಯಿಂದ ಒಂದು ಮಾತು. ನನ್ನ ವಿಷಯ ಸಹಕಾರ ಸಂಘಗಳು, ಊರು ಹರಪನಹಳ್ಳಿ. ನಮ್ಮ ತಾಲ್ಲೂಕು 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಈಗ ಅಲ್ಲಿದೆ. ನಾನು ಯಾವ ಜಿಲ್ಲೆ ಹಾಕಿ ಹುಡುಕಲಿ ಹೇಳಿ? ಒಂದು ಭಂಡಾರದಲ್ಲಿ ದಾವಣಗೆರೆ ಎಂದು ಹುಡುಕಿ ಏನೂ ಸಿಗದೆ ಬಿಟ್ಟಿದ್ದೆ. ನನಗೆ ಬೇಕಾದ ವರದಿ ಬಳ್ಳಾರಿಯ ಕೆಳಗೆ ಇತ್ತು.

ಹೊನ್ನಾಳಿ, ಚನ್ನಗಿರಿಯದ್ದೂ ಇದೇ ಪಾಡು, ಅವು 1997ಕ್ಕೆ ಮುಂಚೆ ಶಿವಮೊಗ್ಗ ಜಿಲ್ಲೆ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆ. ದಯವಿಟ್ಟು ಊರು ಮತ್ತು ತಾಲ್ಲೂಕನ್ನು ಮೊದಲು ಬರೆಯಿರಿ. ಜಿಲ್ಲೆಯನ್ನು ಎರಡು ಸಲ ಬರೆಯಿರಿ, ಕಾಗದದಲ್ಲಿ ಇದ್ದದ್ದು ಒಂದು, ಇವತ್ತಿನದು ಒಂದು. ಹಳೆ ಇಂಗ್ಲಿಷ್ ವರದಿಗಳಲ್ಲಿ ಚಿತ್ರದುರ್ಗವನ್ನು ‘ಚಿತಲ್‌ಡ್ರೂಗ್’ ಎಂದು ಬರೆದಿರುತ್ತಾರೆ. ಆ ರೂಪವೂ ಎಲ್ಲಾದರೂ ಇದ್ದರೆ ನಮ್ಮಂಥವರಿಗೆ ಅಲೆದಾಟ ತಪ್ಪುತ್ತದೆ.

ದುರ್ಗದ ಕ್ಯಾಟಲಾಗರ್:

ತುಂಬಾ ಸರಿಯಾದ ಮಾತು. ಮೇಡಂ, ಇದನ್ನು ನಿಯಮದ ಹಾಳೆಗೆ ಹಾಗೇ ಸೇರಿಸಿಕೊಳ್ಳಿ. ಸ್ಥಳದ ಅಂಶವನ್ನು ಎರಡು ಸಲ ಬಳಸಲು ಡಬ್ಲಿನ್ ಕೋರ್‌ನಲ್ಲಿ ಯಾವ ಅಡ್ಡಿಯೂ ಇಲ್ಲ.

ದಾವಣಗೆರೆ ಲೈಬ್ರರಿ:

ಇಬ್ಬರಿಗೂ ಧನ್ಯವಾದ. ಪ್ರಿನ್ಸಿಪಾಲರ ಹತ್ತಿರ ಮಾತಾಡಿದೆ. ಎಲ್ಲ ಒಟ್ಟಿಗೆ ಏರಿಸುವ ಬದಲು ವಾರ್ಷಿಕ ಸಂಚಿಕೆಗಳನ್ನು ಮೊದಲು ಸರಿಯಾಗಿ ಮುಗಿಸಿ ತೋರಿಸುತ್ತೇವೆ ಎಂದೆ, ಒಪ್ಪಿದರು. ಕೊನೆಯ ಪ್ರಶ್ನೆ: ಎಂ.ಎ. ಕಿರುಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡಬಹುದೇ? ಕೆಲವದರಲ್ಲಿ ವಿದ್ಯಾರ್ಥಿಯ ಫೋನ್ ನಂಬರ್, ಮನೆ ವಿಳಾಸ ಇದೆ. ಸಂದರ್ಶನ ಕೊಟ್ಟವರ ಹೆಸರೂ ಇವೆ.

ದುರ್ಗದ ಕ್ಯಾಟಲಾಗರ್:

ಒಳ್ಳೆ ತೀರ್ಮಾನ ಮೇಡಂ. ಅಚ್ಚಾಗದ ಪ್ರಬಂಧದ ಹಕ್ಕು ಬರೆದವರದ್ದೇ. ಅಚ್ಚಾದ ಬರಹಕ್ಕೂ ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ವಾರ್ಷಿಕ ಸಂಚಿಕೆಯ ಲೇಖನಗಳಿಗೂ ಇದು ನೆನಪಿರಲಿ. ಲೈಬ್ರರಿಯಲ್ಲಿ ಪ್ರತಿ ಇದೆ ಎಂದ ಮಾತ್ರಕ್ಕೆ ಜಾಲದಲ್ಲಿ ಹಾಕುವ ಅನುಮತಿ ಸಿಕ್ಕಿದ ಹಾಗಲ್ಲ.

ವಿವರವನ್ನು ಮಾತ್ರ ಎಲ್ಲರಿಗೂ ತೆರೆದಿಡಿ. ಪಿಡಿಎಫ್ ಅನ್ನು ಕ್ಯಾಂಪಸ್‌ನೊಳಗೆ ಓದುವ ಹಾಗೆ ಕಟ್ಟಿಡಿ, ಡಿಸ್ಪೇಸ್‌ನಲ್ಲಿ ಕಡತಕ್ಕೆ ಬೇರೆಯೇ ಅನುಮತಿ ಕೊಡಬಹುದು. ಹೀಗೊಂದು ಪ್ರಬಂಧ ಇದೆ ಎಂದು ಗೊತ್ತಾದರೆ ಬೇಕಾದವರು ಬಂದು ಓದುತ್ತಾರೆ. ಫೋನ್ ನಂಬರ್, ವಿಳಾಸ ಇರುವ ಪುಟವನ್ನು ಓದಲು ಕೊಡುವ ಪ್ರತಿಯಿಂದ ತೆಗೆದು, ಮೂಲ ಪ್ರತಿಯನ್ನು ಬೇರೆ ಇಡಿ. ಸಂದರ್ಶನ ಕೊಟ್ಟವರ ಹೆಸರನ್ನು ವಿಷಯದ ಜಾಗಕ್ಕೆ ತರಬೇಡಿ. ಈ ವರ್ಷದಿಂದ ಪ್ರಬಂಧ ಒಪ್ಪಿಸುವಾಗಲೇ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿ. ಹಳಬರದ್ದಕ್ಕೆ ಹಳೆ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿ ನೋಡಿ. ತಮ್ಮ ಪ್ರಬಂಧ ಯಾರಾದರೂ ಓದುತ್ತಾರೆ ಎಂದರೆ ಖುಷಿಯಿಂದ ಒಪ್ಪುವವರೇ ಜಾಸ್ತಿ. ಒಪ್ಪಿದವರ ಉತ್ತರವನ್ನು ದಿನಾಂಕದ ಸಮೇತ ಆ ಪ್ರಬಂಧದ ಹಕ್ಕಿನ ಟಿಪ್ಪಣಿಯಲ್ಲಿ ಬರೆದಿಟ್ಟು, ಆಮೇಲೆ ಕಡತ ತೆರೆಯಿರಿ.